ಬಂದೋಬಸ್ತಿನಲ್ಲಿ ಅಡಗಿರುವ ಪಾರಸಿ

ಪಾರಸಿಯನ್ನು ಎರಡು ಮೂರು ವರ್ಷ ಆಸ್ಥೆಯಿಂದ ಕಲಿತವರ ಬಾಯಲ್ಲಿಯೂ ಒಂದು ದೂರು ಕೇಳಿಬರುವುದುಂಟು. ಮಾತು ಬರುತ್ತದೆ, ಟೆಹರಾನಿನ ಅಂಗಡಿಯವನೊಡನೆ ಚೌಕಾಸಿ ಮಾಡಲು ಬರುತ್ತದೆ, ಚಲನಚಿತ್ರದ ಸಂಭಾಷಣೆ ಬಹುಮಟ್ಟಿಗೆ ತಿಳಿಯುತ್ತದೆ. ಆದರೆ ಅದೇ ಊರಿನ ಸರ್ಕಾರಿ ಕಚೇರಿಯಿಂದ ಬಂದ ನಾಲ್ಕು ಸಾಲಿನ ಕಾಗದ ಮಾತ್ರ ತಿಳಿಯುವುದಿಲ್ಲ. ನಿಘಂಟನ್ನು ತೆರೆದು ಒಂದೊಂದೇ ಪದವನ್ನು ಹುಡುಕಿ ಬರೆದುಕೊಂಡರೂ ಪದಗಳ ಅರ್ಥ ಒಂದು ಕಡೆ, ವಾಕ್ಯದ ಅರ್ಥ ಇನ್ನೊಂದು ಕಡೆ ನಿಂತುಬಿಡುತ್ತದೆ. ಹೀಗೇಕೆ ಆಗುತ್ತದೆ, ಈ ಬೀಗಕ್ಕೆ ಕೀಲಿಕೈ ಎಲ್ಲಿದೆ ಎಂಬುದು ಈ ವಾರದ ವಿಚಾರ. ಆ ಕೀಲಿಕೈಗಳಲ್ಲಿ ಕೆಲವು ನಮ್ಮ ತಾಲ್ಲೂಕು ಕಚೇರಿಯ ಗೋಡೆಯ ಮೊಳೆಗೇ ತೂಗುಬಿದ್ದಿವೆ ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು.

ಈ ಸಂಕಟ ಪರದೇಶದವರಿಗೆ ಮಾತ್ರ ಮೀಸಲಾದುದಲ್ಲ. ಇರಾನಿನ ಜನರೇ ಇದನ್ನು ಅನುಭವಿಸಿದ್ದಾರೆ. ಅದರ ಮೇಲೆ ನಕ್ಕೂ ಇದ್ದಾರೆ. ಮೊಹಮ್ಮದ್ ಅಲೀ ಜಮಾಲ್‌ಜಾದೆ 1921ರಲ್ಲಿ ಬರ್ಲಿನ್ ನಗರದಲ್ಲಿ ಒಂದು ಪುಟ್ಟ ಕಥಾಸಂಗ್ರಹವನ್ನು ಪ್ರಕಟಿಸಿದರು. ಪಾರಸಿಯ ಆಧುನಿಕ ಸಣ್ಣಕಥೆ ಅಲ್ಲಿಂದಲೇ ಆರಂಭವಾಯಿತೆಂದು ಬಲ್ಲವರು ಹೇಳುತ್ತಾರೆ. ಅದರ ಮೊದಲ ಕಥೆಯ ಹೆಸರು 'ಫಾರ್ಸೀ ಶೆಕರ್ ಅಸ್ತ್', ಎಂದರೆ 'ಪಾರಸಿ ಸಕ್ಕರೆ'. ಕಾಸ್ಪಿಯನ್ ಸಮುದ್ರದ ದಡದ ಅಂಜಲೀ ಬಂದರಿನಲ್ಲಿ, ಯೂರೋಪಿನಿಂದ ಮರಳಿದ ಪ್ರಯಾಣಿಕನೊಬ್ಬನನ್ನು ಅಧಿಕಾರಿಗಳು ಕಾರಣವಿಲ್ಲದೆ ಕತ್ತಲೆಯ ಕೋಣೆಗೆ ತಳ್ಳುತ್ತಾರೆ. ಅಲ್ಲಿ ಆಗಲೇ ಇಬ್ಬರಿದ್ದಾರೆ: ಒಬ್ಬ ಶೇಖ್, ಇನ್ನೊಬ್ಬ ಪಾಶ್ಚಾತ್ಯರ ಉಡುಪಿನ ತರುಣ. ಸ್ವಲ್ಪ ಹೊತ್ತಿಗೆ ರಮಜಾನ್ ಎಂಬ ಬಡಹುಡುಗನೊಬ್ಬನನ್ನೂ ಅದೇ ಕೋಣೆಗೆ ದಬ್ಬುತ್ತಾರೆ.

ತನ್ನ ಅಪರಾಧವೇನೆಂದು ಅರಿಯದ ಆ ಹುಡುಗ ಗೌರವದಿಂದ ಶೇಖನನ್ನು ಕೇಳುತ್ತಾನೆ. ಶೇಖ್ ಉತ್ತರಿಸುವುದು ಅರಬ್ಬಿ ಪದಗಳಿಂದ ಬಿಗಿದ ಪಾರಸಿಯಲ್ಲಿ. ಹುಡುಗನಿಗೆ ಒಂದು ಅಕ್ಷರವೂ ತಿಳಿಯದು. ತರುಣನ ಕಡೆ ತಿರುಗಿದರೆ ಅವನದು ಫ್ರೆಂಚ್ ಪದಗಳ ಪಾರಸಿ. ತನ್ನನ್ನು ಹುಚ್ಚರ ನಡುವೆ ಕೂಡಿಹಾಕಿದ್ದಾರೆಂದು ಹೆದರಿದ ಹುಡುಗ ಬಾಗಿಲು ಬಡಿದು ಗೋಳಿಡುತ್ತಾನೆ. ಆಗ ಪ್ರಯಾಣಿಕನು ಅವನ ಭುಜದ ಮೇಲೆ ಕೈಯಿಟ್ಟು ಸಾದಾ ಪಾರಸಿಯಲ್ಲಿ ನಾಲ್ಕು ಮಾತು ಆಡುತ್ತಾನೆ. ಹುಡುಗನಿಗೆ ಹೋದ ಜೀವ ಮರಳಿದಂತಾಗುತ್ತದೆ. ಕಥೆ ಹಾಸ್ಯದ್ದು, ಆದರೆ ಅದರ ಒಳಗಿನ ನೋವು ಸಣ್ಣದಲ್ಲ. ತನ್ನನ್ನು ಸೆರೆಗೆ ಹಾಕಿದ್ದೇಕೆಂದು ತನ್ನ ದೇಶದ ಭಾಷೆಯಲ್ಲಿಯೇ ತಿಳಿಯಲಾರದ ಮನುಷ್ಯನ ಸ್ಥಿತಿ ಅದು. ಆ ಶೇಖನ ಮಾತಿನ ಜಾಡಿನಲ್ಲಿಯೇ ಇರಾನಿನ ಕಚೇರಿಯ ಕಾಗದಗಳು ಬಹುಕಾಲ ನಡೆದುಬಂದವು. ಇಂದಿಗೂ ಪೂರ್ತಿಯಾಗಿ ಆ ಜಾಡನ್ನು ಬಿಟ್ಟಿಲ್ಲ.

ಒಂದು ನುಡಿ, ಎರಡು ಮುಖ

ಮೊದಲು ತಿಳಿಯಬೇಕಾದುದೆಂದರೆ, ಇರಾನಿನಲ್ಲಿ ಆಡುವ ಪಾರಸಿಗೂ ಬರೆಯುವ ಪಾರಸಿಗೂ ನಡುವೆ ಸಾಕಷ್ಟು ಅಂತರವಿದೆ. ನಮ್ಮಲ್ಲಿ 'ಹೋಗುತ್ತೇನೆ' ಎಂದು ಬರೆದು 'ಹೋಗ್ತೀನಿ' ಎನ್ನುವಂತೆ ಅಲ್ಲಿ 'ಮೀರವಮ್' ಎಂದು ಬರೆದು 'ಮೀರಮ್' ಎನ್ನುತ್ತಾರೆ. ರೊಟ್ಟಿಗೆ ಬರಹದಲ್ಲಿ 'ನಾನ್', ಟೆಹರಾನಿನ ಬಾಯಲ್ಲಿ 'ನೂನ್'. ಮನೆಗೆ ಬರಹದಲ್ಲಿ 'ಖಾನೆ', ಮಾತಿನಲ್ಲಿ 'ಖೂನೆ'. ನಮ್ಮ ಕಾರ್ಖಾನೆ, ದವಾಖಾನೆಗಳ 'ಖಾನೆ' ಇದೇ. 'ಅಗರ್' ಎಂಬುದು 'ಅಗೆ' ಆಗುತ್ತದೆ. 'ಅಸ್ತ್' ಎಂಬುದು ಸವೆದು ಬರಿಯ 'ಎ' ಉಳಿಯುತ್ತದೆ. ವಾಕ್ಯದ ಕ್ರಮವೂ ಬದಲಾಗುವುದುಂಟು. ನಾನು ಮನೆಗೆ ಹೋಗುತ್ತೇನೆ ಎಂಬುದನ್ನು 'ಮನ್ ಬೆ ಖಾನೆ ಮೀರವಮ್' ಎಂದು ಬರೆಯುತ್ತಾರೆ. 'ಮನ್ ಮೀರಮ್ ಖೂನೆ' ಎಂದು ಆಡುತ್ತಾರೆ. ಬರಹದಲ್ಲಿ ಕ್ರಿಯಾಪದ ಕೊನೆಯಲ್ಲಿಯೇ ನಿಲ್ಲುತ್ತದೆ. ಈ ವಿಷಯದಲ್ಲಿ ಕನ್ನಡಿಗನು ಭಾಗ್ಯಶಾಲಿ. ವಾಕ್ಯದ ಕೊನೆಗೆ ಕಾಯುವುದು ನಮಗೆ ಹುಟ್ಟಿನಿಂದ ಬಂದ ಅಭ್ಯಾಸ.

ಇಷ್ಟೇ ಆಗಿದ್ದರೆ ಒಂದು ತಿಂಗಳಲ್ಲಿ ಹೊಂದಿಕೊಳ್ಳಬಹುದಿತ್ತು. ಗಂಭೀರ ಬರಹ ಇದಕ್ಕಿಂತ ಮುಂದೆ ಹೋಗಿ ಕ್ರಿಯಾಪದಗಳನ್ನೇ ಬದಲಾಯಿಸುತ್ತದೆ. ಮಾಡು ಎಂಬ ಅರ್ಥಕ್ಕೆ ಮಾತಿನಲ್ಲಿ 'ಕರ್ದನ್', ಕಚೇರಿಯಲ್ಲಿ 'ನಮೂದನ್'. ಆಗು ಎಂಬುದಕ್ಕೆ ಮಾತಿನಲ್ಲಿ 'ಶೊದನ್', ಕಚೇರಿಯಲ್ಲಿ 'ಗರ್ದೀದನ್'. ಇದೆ ಎನ್ನಲು 'ಅಸ್ತ್' ಸಾಕಾಗಿದ್ದರೂ ಗುಮಾಸ್ತನ ಲೇಖನಿಯಿಂದ 'ಮೀಬಾಶದ್' ಎಂದೇ ಇಳಿಯುತ್ತದೆ. ನಮೂದನ್ ಎಂಬುದರ ಮೂಲಾರ್ಥ ತೋರಿಸು, ಗರ್ದೀದನ್ ಎಂಬುದರ ಮೂಲಾರ್ಥ ತಿರುಗು. ಮಾಡಿದ್ದನ್ನು ತೋರಿಸಿದೆ ಎಂದೂ ಆದದ್ದನ್ನು ತಿರುಗಿತು ಎಂದೂ ಬರೆಯಬಾರದೆಂದು ಭಾಷೆಯ ಶುದ್ಧಿಯನ್ನು ಬಯಸುವ ವಿದ್ವಾಂಸರು ಆಕ್ಷೇಪಿಸುತ್ತಲೇ ಇದ್ದಾರೆ. ಕಚೇರಿಗಳು ಬರೆಯುತ್ತಲೇ ಇವೆ.

ಕಾರಕೂನನು ಕಲಿಸುವ ವ್ಯಾಕರಣ

ಪಾರಸಿ ವ್ಯಾಕರಣದ ತಿರುಳು ಅದರ ಕ್ರಿಯಾಪದದಲ್ಲಿದೆ. ಪ್ರತಿಯೊಂದು ಕ್ರಿಯಾಪದಕ್ಕೂ ಎರಡು ಧಾತುರೂಪಗಳು: ಭೂತಕಾಲಕ್ಕೆ ಒಂದು, ವರ್ತಮಾನಕ್ಕೆ ಒಂದು. ಕಟ್ಟು ಎಂಬ ಅರ್ಥದ 'ಬಸ್ತನ್' ಎಂಬುದನ್ನು ನೋಡಿ. ಭೂತರೂಪ 'ಬಸ್ತ್', ವರ್ತಮಾನರೂಪ 'ಬಂದ್'. ಕಟ್ಟಿದೆನು ಎಂಬುದು 'ಬಸ್ತಮ್'. ಕಟ್ಟುತ್ತೇನೆ ಎಂಬುದು 'ಮೀಬಂದಮ್'. ಈ ಎರಡನ್ನೂ 'ಒ' ಎಂಬ ಸಮುಚ್ಚಯದಿಂದ ಜೋಡಿಸಿದರೆ ಬಂದ್-ಒ-ಬಸ್ತ್! ಹಬ್ಬದ ದಿನ ಪೋಲೀಸರು ಮಾಡುವ ಬಂದೋಬಸ್ತಿನಲ್ಲಿ ಪಾರಸಿ ಕ್ರಿಯಾಪದದ ಎರಡು ರೂಪಗಳೂ ಕೈಹಿಡಿದು ನಿಂತಿವೆ. ಮಾತುಕತೆ ಎಂಬುದಕ್ಕೆ ಪಾರಸಿಯಲ್ಲಿ 'ಗೊಫ್ತ್-ಒ-ಗೂ' ಎನ್ನುತ್ತಾರೆ. ಅದೂ ಇದೇ ಅಚ್ಚಿನದು: ಗೊಫ್ತ್ ಎಂದರೆ ಹೇಳಿದ, ಗೂ ಎಂಬುದು ಹೇಳು ಎಂಬುದರ ವರ್ತಮಾನರೂಪ.

ಈ ಪದಗಳು ನಮ್ಮಲ್ಲಿ ಹೇಗೆ ಬಂದುವೆಂಬುದು ಇತಿಹಾಸ ಬಲ್ಲವರಿಗೆ ತಿಳಿದ ವಿಷಯ. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದಂದಿನಿಂದ ಬಿಜಾಪುರದ ಆದಿಲಶಾಹಿ, ಶ್ರೀರಂಗಪಟ್ಟಣದ ಹೈದರ್ ಮತ್ತು ಟೀಪೂ ಇವರ ಕಾಲದವರೆಗೆ ಪಾರಸಿಯು ಆಸ್ಥಾನದ ಬರಹದ ಭಾಷೆಯಾಗಿತ್ತು. ಅದರ ಪದಗಳು ನೇರವಾಗಿಯೂ ಮರಾಠಿ, ಉರ್ದುಗಳ ಮೂಲಕವೂ ಕನ್ನಡದ ಕಡತಗಳಿಗೆ ಇಳಿದುವು. ನಾವು ಅವುಗಳನ್ನು ಬಿಡಿಬಿಡಿ ನಾಮಪದಗಳೆಂದು ಭಾವಿಸಿದ್ದೇವೆ. ಅವುಗಳೊಳಗೆ ವ್ಯಾಕರಣವೂ ಬಂದಿರುವುದನ್ನು ಗಮನಿಸಿಲ್ಲ.

'ಕಾರ್' ಎಂದರೆ ಕೆಲಸ. 'ಕೊನ್' ಎಂಬುದು ಮಾಡು ಎಂಬುದರ ವರ್ತಮಾನರೂಪ. ಕೆಲಸ ಮಾಡುವವನು ಕಾರಕೂನ. ನೇಮಿಸು ಎಂಬ ಅರ್ಥದ ಗೊಮಾಶ್ತನ್ ಎಂಬುದರಿಂದ 'ಗೊಮಾಶ್ತೆ', ನೇಮಕಗೊಂಡವನು. ಅವನೇ ನಮ್ಮ ಗುಮಾಸ್ತ. ಭೂತರೂಪದ ಮೇಲೆ ಎಕಾರವನ್ನು ಹಚ್ಚಿದರೆ ಇಂಥ ಕೃದಂತ ಸಿದ್ಧವಾಗುತ್ತದೆ ಎಂಬ ನಿಯಮವನ್ನು ಗುಮಾಸ್ತನೇ ಕಲಿಸುತ್ತಾನೆ. ಹಿಡಿ ಎಂಬ ಅರ್ಥದ 'ಗೆರೆಫ್ತನ್' ಎಂಬುದರ ವರ್ತಮಾನರೂಪ 'ಗೀರ್'. 'ದಸ್ತ್' ಎಂದರೆ ಕೈ, ಸಂಸ್ಕೃತದ ಹಸ್ತಕ್ಕೆ ಸೋದರ. ಕೈಹಿಡಿಯುವುದೇ ದಸ್ತಗಿರಿ. ತಿನ್ನು ಎಂಬ 'ಖೊರ್ದನ್' ಎಂಬುದರ ವರ್ತಮಾನರೂಪ 'ಖೊರ್' ನಮ್ಮ ಲಂಚಕೋರನ ಬಾಲದಲ್ಲಿದೆ. ಲಂಚವನ್ನು ನಾವೂ ತಿನ್ನುತ್ತೇವೆಂದೇ ಹೇಳುತ್ತೇವಷ್ಟೆ. ಬರೆ ಎಂಬ 'ನೆವೆಶ್ತನ್', ವರ್ತಮಾನದಲ್ಲಿ 'ನೆವೀಸ್', ಅದು ಫಡ್ನವೀಸನಲ್ಲಿದೆ. ಉಳ್ಳವನು, ಹಿಡಿದವನು ಎಂಬ 'ದಾರ್' ಜಮೀನ್ದಾರನಲ್ಲಿಯೂ ತಹಸೀಲ್ದಾರನಲ್ಲಿಯೂ ಇದೆ. ಮೇಲೆ ಹೇಳಿದ ನಮೂದನ್ ಎಂಬುದರ ಭೂತರೂಪ 'ನಮೂದ್'. ಕಾಗದದಲ್ಲಿ ತೋರಿಸುವುದನ್ನು ನಾವು ನಮೂದಿಸುವುದೆಂದು ಕರೆಯುತ್ತೇವೆ.

ಒಂದು ಸಣ್ಣ ಸೂತ್ರವನ್ನೂ ಇಲ್ಲಿ ಹೇಳಬಹುದು. ಭೂತರೂಪದ ಕೊನೆಯಲ್ಲಿ 'ಖ್ತ್' ಎಂದಿದ್ದರೆ ವರ್ತಮಾನದಲ್ಲಿ ಅದು ಅನೇಕ ವೇಳೆ 'ಜ್' ಆಗುತ್ತದೆ. ಎಸೆ ಎಂಬುದಕ್ಕೆ 'ಅಂದಾಖ್ತ್', 'ಅಂದಾಜ್'. ತೂಗುಹಾಕು ಎಂಬುದಕ್ಕೆ 'ಆವೀಖ್ತ್', 'ಆವೀಜ್'. ಅಂದಾಜು ನಮ್ಮದಾಗಿದೆ, ಕೈಯನ್ನು ತೂಗುಹಾಕಲು, ಎಂದರೆ ಆಸರೆಯಾಗಿ ಹಿಡಿಯಲು, ಇರುವುದೇ ದಸ್ತ್-ಆವೀಜ್, ದಸ್ತಾವೇಜು. ಇಂಥ ಜೋಡಿಗಳನ್ನು ಐವತ್ತರಷ್ಟು ಬಾಯಿಪಾಠ ಮಾಡಿದವನಿಗೆ ಪಾರಸಿ ಬರಹದ ಅರ್ಧ ಭಯ ಹೋದಂತೆಯೇ.

ಬರೆಯದೆ ಓದಬೇಕಾದ ಸ್ವರ

ಎರಡನೆಯ ಕಷ್ಟ ಲಿಪಿಯಲ್ಲಿದೆ. ಪಾರಸಿಯ 32 ಅಕ್ಷರಗಳಲ್ಲಿ ಹ್ರಸ್ವಸ್ವರಗಳಿಗೆ ಸ್ಥಾನವಿಲ್ಲ. ಮ, ಲ, ಕ ಎಂಬ ಮೂರೇ ವ್ಯಂಜನಗಳನ್ನು ಬರೆದಿರುತ್ತಾರೆ. ಅದನ್ನು 'ಮಲೆಕ್' ಎಂದು ಓದಿದರೆ ಅರಸ, 'ಮೊಲ್ಕ್' ಎಂದರೆ ರಾಜ್ಯ, 'ಮೆಲ್ಕ್' ಎಂದರೆ ಸ್ಥಿರಾಸ್ತಿ, 'ಮಲಕ್' ಎಂದರೆ ದೇವದೂತ. ಸಂದರ್ಭವನ್ನು ನೋಡಿ ಓದುಗನೇ ಸ್ವರವನ್ನು ತುಂಬಿಕೊಳ್ಳಬೇಕು. ಆಸ್ತಿಯ ಪತ್ರದಲ್ಲಿ ದೇವದೂತನನ್ನು ಓದಿದರೆ ಗತಿಯೇನು? ಇದಕ್ಕೆ ವಿರುದ್ಧವಾದ ತೊಡಕೂ ಒಂದಿದೆ. 'ಜ' ಎಂದು ನಮಗೆ ಕೇಳಿಸುವ ಒಂದೇ ಧ್ವನಿಗೆ ನಾಲ್ಕು ಅಕ್ಷರಗಳು. ನಮ್ಮ ಜಮೀನಿನ 'ಜ'ಕಾರಕ್ಕೆ ಒಂದು, ಜಾಮೀನಿನ 'ಜ'ಕಾರಕ್ಕೆ ಇನ್ನೊಂದು. ಇರಾನಿನವನು ಎರಡನ್ನೂ ಒಂದೇ ಬಗೆಯಾಗಿ ಉಚ್ಚರಿಸುತ್ತಾನೆ. ಬರೆಯುವಾಗ ಮಾತ್ರ ಮರೆಯುವಂತಿಲ್ಲ. ಮೊದಲನೆಯದು ಪಾರಸಿಯದೇ ಪದ, ಎರಡನೆಯದು ಅರಬ್ಬಿಯಿಂದ ಬಂದುದು ಎಂಬ ವಂಶಾವಳಿ ಆ ಅಕ್ಷರಗಳಲ್ಲಿ ಉಳಿದಿದೆ.

ಬರೆಯದ ಸ್ವರಗಳಲ್ಲೆಲ್ಲ ಮುಖ್ಯವಾದುದು 'ಎಜಾಫೆ' ಎಂಬ ಕೊಂಡಿ. ಎರಡು ಪದಗಳ ಸಂಬಂಧವನ್ನು ತಿಳಿಸುವ ಒಂದು ಹ್ರಸ್ವ ಎಕಾರ ಅದು. ಕೂಹ್ ಎಂದರೆ ಬೆಟ್ಟ, ನೂರ್ ಎಂದರೆ ಬೆಳಕು. 'ಕೂಹ್-ಎ ನೂರ್' ಬೆಳಕಿನ ಬೆಟ್ಟ, ಕೊಹಿನೂರ್ ವಜ್ರ. ನಡುವಣ ಎಕಾರವನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಆದರೆ ಓದದಿದ್ದರೆ ಅರ್ಥವಿಲ್ಲ. ಕಚೇರಿಯ ಪಾರಸಿಯಲ್ಲಿ ಇಂಥ ಕೊಂಡಿಗಳು ಸರಪಳಿಯಾಗಿ ಬೆಳೆಯುತ್ತವೆ. 'ವಜೀರ್-ಎ ಓಮೂರ್-ಎ ಖಾರೆಜೆ-ಯೆ ದೌಲತ್-ಎ ಈರಾನ್' ಎಂಬುದನ್ನು ನೋಡಿ. ಮಂತ್ರಿ, ವ್ಯವಹಾರಗಳು, ಹೊರಗಿನ, ಸರ್ಕಾರ, ಇರಾನ್ ಎಂಬ ಐದು ಪದಗಳು. ಇದನ್ನು ಬಾಲದಿಂದ ತಲೆಗೆ ಓದಿದರೆ ಇರಾನ್ ಸರ್ಕಾರದ ಹೊರಗಿನ ವ್ಯವಹಾರಗಳ ಮಂತ್ರಿ ಎಂದು ಅಚ್ಚ ಕನ್ನಡ ಕ್ರಮವೇ ಬಂದುಬಿಡುತ್ತದೆ! ನಮ್ಮಲ್ಲಿ ವಿಶೇಷಣ ಮುಂದೆ, ಅವರಲ್ಲಿ ಹಿಂದೆ. ಸರಪಳಿ ಎಲ್ಲಿ ಮುಗಿಯುತ್ತದೆಂಬುದನ್ನು ಗುರುತಿಸಿ ಅಲ್ಲಿಂದ ಹಿಂದಕ್ಕೆ ನಡೆದರೆ ಕನ್ನಡಿಗನು ದಾರಿ ತಪ್ಪುವುದಿಲ್ಲ.

ಮಧ್ಯ ಏಷ್ಯದ ತಾಜಿಕಿಸ್ತಾನದಲ್ಲಿಯೂ ಪಾರಸಿಯ ಒಂದು ರೂಪವೇ ರಾಜ್ಯಭಾಷೆ. ಸೋವಿಯತ್ ಆಡಳಿತದಲ್ಲಿ, 1940ರ ಸುಮಾರಿಗೆ, ಅಲ್ಲಿ ರಷ್ಯನ್ ಲಿಪಿ ಬಂದಿತು. ಆ ಲಿಪಿಯಲ್ಲಿ ಸ್ವರಗಳನ್ನೆಲ್ಲ ಬರೆಯುತ್ತಾರೆ. ಈ ಕೊಂಡಿಯನ್ನೂ ಅಕ್ಷರವಾಗಿ ಬರೆದು ತೋರಿಸುತ್ತಾರೆ. ಟೆಹರಾನಿನಲ್ಲಿ ಅಡಗಿರುವುದು ದುಶಾಂಬೆಯಲ್ಲಿ ಬಯಲಾಗಿದೆ. ಆದರೆ ಲಿಪಿ ಬೇರೆಯಾದ ಕಾರಣ ಅಣ್ಣನ ಪತ್ರವನ್ನು ತಮ್ಮನು ಓದಲಾರದಂತೆಯೂ ಆಗಿದೆ.

ಅರಬ್ಬಿಯ ಅಚ್ಚುಗಳು

ಮೂರನೆಯದು ಅರಬ್ಬಿ ಪದಗಳ ರಾಶಿ. ಪಾರಸಿಯು ಸಂಸ್ಕೃತದ ಬಳಗಕ್ಕೆ ಸೇರಿದ ಭಾಷೆ. ಅರಬ್ಬಿ ಬೇರೆಯೇ ಬಳಗದ್ದು. ಆದರೂ ಗಂಭೀರ ಬರಹದಲ್ಲಿ ಅರಬ್ಬಿ ಪದಗಳು ಹೆಜ್ಜೆಹೆಜ್ಜೆಗೆ ಎದುರಾಗುತ್ತವೆ. ಇವುಗಳನ್ನು ಒಂದೊಂದಾಗಿ ಕಲಿಯಹೊರಟರೆ ಆಯುಷ್ಯ ಸಾಲದು, ಕುಟುಂಬಗಳಾಗಿ ಕಲಿಯಬೇಕು. ಮೂರು ವ್ಯಂಜನಗಳ ಒಂದು ಮೂಲವನ್ನು ಬೇರೆ ಬೇರೆ ಅಚ್ಚುಗಳಲ್ಲಿ ಎರಕಹೊಯ್ಯುವುದು ಅರಬ್ಬಿಯ ಪದ್ಧತಿ. ಹ, ಕ, ಮ ಎಂಬ ಮೂಲದಿಂದ ಹುಕುಂ ಬಂದಿದೆ. ಅದೇ ಮೂಲದಿಂದ ಆಳುವವನು 'ಹಾಕೆಮ್', ನ್ಯಾಯಸ್ಥಾನ 'ಮಹ್ಕಮೆ', ಶಿಕ್ಷೆಗೆ ಗುರಿಯಾದವನು 'ಮಹ್ಕೂಮ್', ಆಡಳಿತ 'ಹೊಕೂಮತ್'. ನಮ್ಮ ಹಳ್ಳಿಯ ಹಕೀಮನೂ ಇದೇ ವಂಶದವನು. ಕರ್ತೃವಿಗೆ ಒಂದು ಅಚ್ಚು, ಕರ್ಮಕ್ಕೆ ಒಂದು, ಸ್ಥಳಕ್ಕೆ ಒಂದು. ಹತ್ತು ಅಚ್ಚುಗಳು ಕೈವಶವಾದರೆ ಕಾಣದ ಪದವನ್ನೂ ಊಹಿಸಬಹುದು.

ಬಹುವಚನ ಇನ್ನೂ ವಿಚಿತ್ರ. ಪಾರಸಿಯಲ್ಲಿ 'ಹಾ' ಎಂದು ಹಚ್ಚಿದರೆ ಬಹುವಚನ ಮುಗಿಯಿತು: ಪುಸ್ತಕ 'ಕೆತಾಬ್', ಪುಸ್ತಕಗಳು 'ಕೆತಾಬ್‌ಹಾ'. ಆದರೆ ಗಂಭೀರ ಬರಹಕ್ಕೆ ಅಷ್ಟು ಸರಳತೆ ಸಲ್ಲದು. ಅಲ್ಲಿ ಅರಬ್ಬಿಯಂತೆ ಪದವನ್ನು ಒಳಗಿನಿಂದಲೇ ಮುರಿದು 'ಕೊತೊಬ್' ಎನ್ನುತ್ತಾರೆ. ಅಮೀರ್ ಒಬ್ಬನಾದರೆ, ಹಲವರು 'ಒಮರಾ'. ನಾವು ಅಮೀರ ಉಮರಾವು ಎಂದು ಏಕವಚನ ಬಹುವಚನಗಳನ್ನು ಒಟ್ಟಿಗೆ ಹೇಳಿಬಿಡುತ್ತೇವೆ. ಪಾರಸಿಯ ಪಂಡಿತರು ಈ ಗೀಳಿನಲ್ಲಿ ಎಷ್ಟು ಮುಂದುವರಿದರೆಂದರೆ, ಅಚ್ಚ ಪಾರಸಿ ಪದಗಳಿಗೂ ಅರಬ್ಬಿಯ ಬಹುವಚನವನ್ನು ತೊಡಿಸಿದರು. ಗುರುವೆಂಬ 'ಓಸ್ತಾದ್' ಬಹುವಚನದಲ್ಲಿ 'ಅಸಾತೀದ್' ಆದನು. 'ಫರ್ಮಾನ್' ಹೋಗಿ 'ಫರಾಮೀನ್' ಬಂದಿತು.

ಇಲ್ಲೊಂದು ಎಚ್ಚರಿಕೆ ಅವಶ್ಯಕ. ಪರಿಚಿತ ಮುಖಗಳೆಲ್ಲ ಮಿತ್ರರಲ್ಲ. ನಮ್ಮಲ್ಲಿ ತಹಸೀಲು ಎಂದರೆ ಕಂದಾಯದ ವಸೂಲಿ. ಇಂದಿನ ಇರಾನಿನಲ್ಲಿ 'ತಹ್ಸೀಲ್' ಎಂದರೆ ವಿದ್ಯಾಭ್ಯಾಸ. ಪಡೆಯುವುದು, ಸಂಗ್ರಹಿಸುವುದು ಎಂಬುದು ಎರಡಕ್ಕೂ ಮೂಲ; ನಾವು ಹಣವನ್ನು ಸಂಗ್ರಹಿಸಿದೆವು, ಅವರು ವಿದ್ಯೆಯನ್ನು. ನಮ್ಮ ಕಚೇರಿಯ ಜವಾನನಿಗೆ ಅರುವತ್ತು ವರ್ಷ ತುಂಬುತ್ತ ಬಂದಿರಬಹುದು; ಇರಾನಿನ 'ಜವಾನ್' ಮಾತ್ರ ನಿತ್ಯವೂ ತರುಣ. ದೌಲತ್ತು ನಮಗೆ ಸಿರಿಯ ಗರ್ವ, ಅವರಿಗೆ ಸರ್ಕಾರ.

ಬಿನ್ನಹ ಮತ್ತು ಅಪ್ಪಣೆ

ನಾಲ್ಕನೆಯದು ವಿನಯದ ವ್ಯಾಕರಣ. ಪಾರಸಿ ಪತ್ರಗಳಲ್ಲಿ ನಾನು ಎಂಬುದು ಅಪರೂಪ. ಅದರ ಬದಲು 'ಬಂದೆ', ಎಂದರೆ ದಾಸ. ಅಥವಾ 'ಈನ್‌ಜಾನೆಬ್', ಎಂದರೆ ಈ ಕಡೆಯವನು. ನೀವು ಎಂಬುದಕ್ಕೆ 'ಜೆನಾಬ್-ಎ ಆಲೀ', ಉನ್ನತ ಸನ್ನಿಧಿ. ನಾನು ಹೇಳಿದರೆ ಅದು 'ಅರ್ಜ್'. ತಾವು ಹೇಳಿದರೆ ಅದು 'ಫರ್ಮೂದನ್'. ನಮ್ಮ ಅರ್ಜಿಯೂ ಫರ್ಮಾನೂ ಈ ಜೋಡಿಯಿಂದಲೇ ಬಂದುವು. ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಪ್ರಜೆ ಬಿನ್ನವಿಸುತ್ತಾನೆ, ಅರಸನು ಅಪ್ಪಣೆ ಕೊಡಿಸುತ್ತಾನೆ. ಅವನು, ಇವನು ಎಂದು ಸರ್ವನಾಮ ಹಾಕದಿದ್ದರೂ ಮಾತು ಯಾರದೆಂದು ಕ್ರಿಯಾಪದವೇ ಹೇಳುತ್ತದೆ. ಪಾರಸಿ ಪತ್ರವನ್ನು ಓದುವಾಗಲೂ ಹಾಗೆಯೇ. ಸರ್ವನಾಮವನ್ನು ಹುಡುಕಬಾರದು, ಕ್ರಿಯಾಪದವು ತಲೆಬಾಗಿದೆಯೋ ತಲೆಯೆತ್ತಿದೆಯೋ ಎಂಬುದನ್ನು ನೋಡಬೇಕು.

ಈಗ ಕೀಲಿಕೈಗಳನ್ನೆಲ್ಲ ಒಟ್ಟಿಗೆ ಪ್ರಯೋಗಿಸೋಣ. ಇರಾನಿನ ಕಚೇರಿಯಿಂದ ಬರಬಹುದಾದ ಒಂದು ವಾಕ್ಯ ಹೀಗಿರುತ್ತದೆ: 'ಬೆದೀನ್ ವಸೀಲೆ ಬೆ ಎಸ್ತೆಹ್‌ಜಾರ್ ಮೀರೆಸಾನದ್ ಕೆ ದರ್‌ಖಾಸ್ತ್-ಎ ಜೆನಾಬ್-ಎ ಆಲೀ ಮೌರೆದ್-ಎ ಮೊವಾಫೆಕತ್ ಕರಾರ್ ಗೆರೆಫ್ತೆ ಅಸ್ತ್.' ಕೇಳಿದೊಡನೆ ಎದೆ ಝಲ್ಲೆನ್ನುತ್ತದೆ. ಆದರೆ 'ವಸೀಲೆ' ಎಂಬುದು ನಮ್ಮ ವಶೀಲಿ, ಮೂಲಾರ್ಥ ಸಾಧನ. ಈ ಮೂಲಕ ಎಂದಾಯಿತು. 'ಎಸ್ತೆಹ್‌ಜಾರ್' ಹುಟ್ಟಿದ್ದು ನಮ್ಮ ಹಾಜರು, ಹುಜೂರು ಹುಟ್ಟಿದ ಮೂಲದಿಂದಲೇ. ಸನ್ನಿಧಾನದ ಗಮನಕ್ಕೆ ಎಂದರ್ಥ. 'ಮೀರೆಸಾನದ್' ಎಂದರೆ ತಲುಪಿಸುತ್ತದೆ. ತಲುಪಿತು ಎಂಬುದು 'ರಸೀದ್', ಅದೇ ನಮ್ಮ ರಸೀದಿ. 'ದರ್‌ಖಾಸ್ತ್' ಎಂಬುದು ದರಖಾಸ್ತು. 'ಕರಾರ್' ಎಂಬುದು ಕರಾರು, ಮೂಲಾರ್ಥ ನೆಲೆನಿಲ್ಲುವುದು. 'ಗೆರೆಫ್ತೆ' ನಮ್ಮ ದಸ್ತಗಿರಿಯ ಬಳಗ. 'ಅಸ್ತ್' ಸಂಸ್ಕೃತದ ಅಸ್ತಿ. ಉಳಿದುವು ವಿಷಯ ಎಂಬ '‌ಮೌರೆದ್', ಒಪ್ಪಿಗೆ ಎಂಬ 'ಮೊವಾಫೆಕತ್' ಎರಡೇ. ಒಟ್ಟು ತಾತ್ಪರ್ಯ: ತಮ್ಮ ದರಖಾಸ್ತಿಗೆ ಒಪ್ಪಿಗೆ ದೊರೆತಿದೆ. ಮಾತಿನ ಪಾರಸಿಯಲ್ಲಿ ಇದಕ್ಕೆ ಮೂರು ಪದ ಸಾಕು: 'ದರ್‌ಖಾಸ್ತೆತೂನ್ ಕಬೂಲ್ ಶೊದ್'. ಕಬೂಲು ನಮಗೆ ಗೊತ್ತೇ ಇದೆ!

ಈ ವಾಕ್ಯದಲ್ಲಿ ಇಲ್ಲದಿರುವುದನ್ನೂ ಗಮನಿಸಬೇಕು. ತಲುಪಿಸುತ್ತಿರುವವರು ಯಾರು? ಹೇಳಿಲ್ಲ. ಒಪ್ಪಿದವರು ಯಾರು? ಹೇಳಿಲ್ಲ. ಅಧಿಕಾರಿಯು ತನ್ನನ್ನು ತಾನೇ ಪ್ರಥಮಪುರುಷದಲ್ಲಿ ಅಡಗಿಸಿಕೊಂಡಿದ್ದಾನೆ; ಒಪ್ಪಿಗೆಯು ತಾನಾಗಿಯೇ ನೆಲೆಗೊಂಡಿದೆ. ಮಂಜೂರು ಮಾಡಲಾಗಿದೆ, ತಿರಸ್ಕರಿಸಲಾಗಿದೆ ಎಂಬ ನಮ್ಮ ಕಾಗದಗಳಲ್ಲಿಯೂ ಕರ್ತೃವಿಗೆ ಇದೇ ಗತಿ. ಮಂಜೂರಾದಾಗ ಇದರಿಂದ ಬಾಧೆಯಿಲ್ಲ. ತಿರಸ್ಕಾರವಾದಾಗ, ಯಾರ ಬಾಗಿಲಿಗೆ ಹೋಗಿ ಕೇಳಬೇಕೆಂಬುದು ಬಡವನಿಗೆ ತಿಳಿಯದೆ ಹೋಗುತ್ತದೆ.

ಉಡುಪನ್ನು ಹೊಲಿದವರು, ಕತ್ತರಿಸಿದವರು

ಈ ಗಂಭೀರ ಶೈಲಿಗೆ ಶಾಸ್ತ್ರವನ್ನು ರಚಿಸಿದವರಲ್ಲಿ ಒಬ್ಬರು ನಮ್ಮ ಬೀದರಿನಲ್ಲಿದ್ದರು ಎಂಬುದು ಅನೇಕರಿಗೆ ತಿಳಿಯದು. ಇರಾನಿನ ಗೀಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ವಜೀರನಾದ ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದರಸಾವನ್ನು ಪ್ರವಾಸಿಗಳು ನೋಡಿ ಬರುತ್ತಾರೆ. ಅವನು ಪತ್ರಲೇಖನದ ಕಲೆಯನ್ನು ಕುರಿತು 'ಮನಾಜಿರುಲ್ ಇನ್‌ಶಾ' ಎಂಬ ಗ್ರಂಥವನ್ನು ಬರೆದನು. ಅವನ ಪತ್ರಗಳು 'ರಿಯಾಜುಲ್ ಇನ್‌ಶಾ' ಎಂಬ ಸಂಗ್ರಹದಲ್ಲಿ ಉಳಿದಿವೆ. ವಿಧಿಯ ವಿಲಾಸವೆನ್ನಬೇಕು, ಪತ್ರಲೇಖನದ ಈ ಆಚಾರ್ಯನ ಪ್ರಾಣ ಹೋದುದು ಒಂದು ಪತ್ರದಿಂದಲೇ. ಅವನ ಮೊಹರು ಬಿದ್ದಿದ್ದ ಖಾಲಿ ಕಾಗದದ ಮೇಲೆ ವೈರಿಗಳು ಒರಿಸ್ಸಾದ ಅರಸನಿಗೆ ಬರೆದಂತೆ ರಾಜದ್ರೋಹದ ಪತ್ರವನ್ನು ಸೃಷ್ಟಿಸಿ ಸುಲ್ತಾನನಿಗೆ ತೋರಿಸಿದರೆಂದು ಇತಿಹಾಸಕಾರರು ಹೇಳುತ್ತಾರೆ. 1481ರಲ್ಲಿ ಅವನ ಶಿರಚ್ಛೇದವಾಯಿತು.

ಇರಾನಿನಲ್ಲಿ ಈ ಭಾರವಾದ ಉಡುಪಿಗೆ ಮೊದಲು ಕತ್ತರಿ ಹಾಕಿದವರಲ್ಲಿ ಮುಖ್ಯನಾದವನೂ ಒಬ್ಬ ಮಂತ್ರಿಯೇ: ಕಾಯೆಮ್ ಮಕಾಮ್ ಫರಾಹಾನೀ. ಅವನ ಪತ್ರಗಳಲ್ಲಿ ವಾಕ್ಯಗಳು ಚಿಕ್ಕವಾದುವು, ಅನುಪ್ರಾಸದ ಹೊರೆ ಇಳಿಯಿತು, ಮಾತಿನ ಲಯ ಬಂದಿತು. 1835ರಲ್ಲಿ ಅವನ ಅರಸನೇ ಅವನನ್ನು ಕೊಲ್ಲಿಸಿದನು. ಶೈಲಿ ಮಾತ್ರ ಉಳಿಯಿತು. ಮುಂದೆ ವರ್ತಮಾನಪತ್ರಿಕೆಗಳು ಬಂದುವು. ಓದುಗರ ಸಂಖ್ಯೆ ಬೆಳೆದಂತೆ ಬರಹ ನೆಲಕ್ಕೆ ಇಳಿಯಲೇಬೇಕಾಯಿತು. 1935ರಲ್ಲಿ ರೆಜಾ ಶಾಹನ ಆಡಳಿತವು 'ಫರ್ಹಂಗಿಸ್ತಾನ್' ಎಂಬ ಭಾಷಾ ಪರಿಷತ್ತನ್ನು ಸ್ಥಾಪಿಸಿತು. ನಗರಸಭೆಗೆ ಇದ್ದ 'ಬಲದಿಯ್ಯೆ' ಹೋಗಿ 'ಶಹ್ರ್‌ದಾರೀ' ಆಯಿತು. 'ನಜ್ಮಿಯ್ಯೆ' ಎಂಬ ಪೋಲೀಸು ಇಲಾಖೆ 'ಶಹ್ರ್‌ಬಾನೀ' ಆಯಿತು. ವಿಮಾನಕ್ಕೆ 'ತಯ್ಯಾರೆ' ಎಂಬುದರ ಬದಲು, ಗಾಳಿಯನ್ನು ಅಳೆಯುವುದು ಎಂಬ ಅರ್ಥದಲ್ಲಿ 'ಹವಾಪೈಮಾ' ಬಂದಿತು. ನ್ಯಾಯಾಲಯಕ್ಕೆ 'ದಾದ್‌ಗಾಹ್' ಎಂದಾಯಿತು. ದಾದು ಫಿರ್ಯಾದು ಎಂಬಲ್ಲಿಯ ದಾದೂ, ದರ್ಗಾದ ಗಾಹೂ ಕೂಡಿದ ಪದ ಅದು. ಹೊಸ ಪದಗಳಲ್ಲಿ ಅನೇಕವು ಬೇರೂರಿದುವು. ಆದರೆ ಹಳೆಯ ಪತ್ರಗಳು ಸುಟ್ಟುಹೋಗಲಿಲ್ಲ. ಆದುದರಿಂದ ಇಂದಿನ ಓದುಗನು ಎರಡು ಪದಗಳನ್ನೂ ತಿಳಿದಿರಬೇಕಾಗಿದೆ.

ಹಾಗಾದರೆ ಗಂಭೀರ ಬರಹವೇ ಬೇಡವೇ? ಈ ಪ್ರಶ್ನೆಗೆ ಅವಸರದ ಉತ್ತರ ಸಲ್ಲದು. ಬಾಯಿಮಾತು ಊರಿಗೊಂದು ಬಗೆ, ತಲೆಮಾರಿಗೊಂದು ಬಗೆ. 1010ರ ಸುಮಾರಿಗೆ ಫಿರ್ದೌಸಿಯು ಮುಗಿಸಿದ 'ಶಾಹನಾಮೆ'ಯನ್ನು ಇಂದಿನ ವಿದ್ಯಾವಂತನು ಹೆಚ್ಚು ಪ್ರಯಾಸವಿಲ್ಲದೆ ಓದಬಲ್ಲನೆಂದರೆ, ಅದಕ್ಕೆ ಬರಹದ ಪಾರಸಿ ತನ್ನ ವ್ಯಾಕರಣವನ್ನು ಬಿಗಿಯಾಗಿ ಕಾಪಾಡಿಕೊಂಡುದೇ ಕಾರಣ. ಕಾಬೂಲಿನವನು ಟೆಹರಾನಿನ ಮಾತಿಗೆ ತಡವರಿಸಬಹುದು. ಟೆಹರಾನಿನ ಪುಸ್ತಕವನ್ನು ಸರಾಗವಾಗಿ ಓದುತ್ತಾನೆ. ಇದು ಸಾಮಾನ್ಯ ಲಾಭವಲ್ಲ. ಮಾತಿಗೆ ಮರ್ಯಾದೆಯ ಉಡುಪು ಬೇಕು. ಮುಖವನ್ನೇ ಮುಚ್ಚುವ ಮುಸುಕು ಬೇಡ. ವ್ಯಾಕರಣದ ಬಿಗಿ ಉಡುಪು. ಮೂರು ಪದಗಳಿಗೆ ಮುಗಿಯುವುದನ್ನು ಹದಿನೈದಕ್ಕೆ ಎಳೆದು ಕರ್ತೃವನ್ನು ಮರೆಮಾಡುವುದು ಮುಸುಕು. ಎರಡನ್ನೂ ಬೇರ್ಪಡಿಸಿ ನೋಡಲು ಬಂದರೆ ಪಾರಸಿಯನ್ನು ಓದಲು ಕಲಿತಂತೆ.

ಕಲಿಯಬೇಕೆನ್ನುವವರಿಗೆ ಕ್ರಮವನ್ನು ಸಂಕ್ಷೇಪವಾಗಿ ಹೇಳುವುದಾದರೆ, ವಾಕ್ಯವನ್ನು ಕಂಡೊಡನೆ ನಿಘಂಟಿಗೆ ಓಡಬಾರದು. ಮೊದಲು ಕೊನೆಯ ಕ್ರಿಯಾಪದವನ್ನು ಹಿಡಿಯಬೇಕು. ಅದು ನಮೂದನ್, ಗರ್ದೀದನ್‌ಗಳಂಥ ಹಗುರ ಕ್ರಿಯೆಯಾಗಿದ್ದರೆ ಹಿಂದಿನ ಅರಬ್ಬಿ ಪದದೊಡನೆ ಕೂಡಿಸಿ ಒಂದೇ ಪದವೆಂದು ಓದಬೇಕು. ನಾವು ರವಾನೆ ಮಾಡು, ಜಾರಿ ಮಾಡು ಎಂದು ಓದುವಂತೆ. ಆಮೇಲೆ ಎಜಾಫೆಯ ಸರಪಳಿಗಳನ್ನು ಗುರುತಿಸಿ ಬಾಲದಿಂದ ತಲೆಗೆ ಬರಬೇಕು. ಅಪರಿಚಿತ ಅರಬ್ಬಿ ಪದದಲ್ಲಿ ಮೂರು ವ್ಯಂಜನಗಳನ್ನು ಹೆಕ್ಕಿ, ಆ ಕುಟುಂಬದವರು ಯಾರಾದರೂ ಪರಿಚಿತರೇ ಎಂದು ನೆನೆಯಬೇಕು. ನಿಘಂಟು ಕಟ್ಟಕಡೆಗೆ. ಇಷ್ಟು ಮಾಡುವಷ್ಟರಲ್ಲಿ ಹತ್ತರಲ್ಲಿ ಆರು ವಾಕ್ಯಗಳು ತಾವಾಗಿಯೇ ಬಾಯಿಬಿಟ್ಟಿರುತ್ತವೆ.

ಪಾರಸಿಯನ್ನು ಕಲಿಯುವ ಉದ್ದೇಶವಿಲ್ಲದ ವಾಚಕರಿಗೂ ಇದರಿಂದ ಒಂದು ಪ್ರಯೋಜನವುಂಟು. ಮನೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಕ್ರಯಪತ್ರವಿದ್ದರೆ ತೆಗೆದು ಓದಿ ನೋಡಿ. ಖರೀದಿ, ದಸ್ತಾವೇಜು, ನಮೂದು, ಜಾಮೀನು ಎಂದು ಇಷ್ಟು ದಿನ ಅರ್ಥವಿಲ್ಲದ ಗದ್ದಲದಂತೆ ತೋರುತ್ತಿದ್ದ ಪದಗಳು, ಇಸ್ಫಹಾನ್, ಶಿರಾಜ್‌ಗಳ ಕಡೆಯಿಂದ ಬಂದು ನಮ್ಮ ಹೊಲದ ಬದುವಿನ ಮೇಲೆ ಕುಳಿತ ನೆಂಟರಂತೆ ಮಾತನಾಡತೊಡಗುತ್ತವೆ. ಆ ಕಾಗದದಲ್ಲಿ ನಮ್ಮ ಜಮೀನೂ ಇದೆಯಷ್ಟೆ. ನೆಂಟರ ಮಾತು ತಿಳಿದಿರುವುದು ಒಳ್ಳೆಯದು.